ಆಮೆಯ ನಿಧಾನದ ಚೆಂಡು

ಕೋತಿಮರಿಗಳ ತಂಡಕ್ಕೂ ಮೊಲ-ಆಮೆಗಳ ತಂಡಕ್ಕೂ ಬೇಸ್‌ಬಾಲ್ ಪಂದ್ಯ. ಗೆದ್ದವರಿಗೆ ಕೆರೆದಂಡೆಯ ಹಲಸಿನ ಮರ. ಮೊಲ ಎಸೆದ ವೇಗದ ಚೆಂಡುಗಳನ್ನೆಲ್ಲ ಚಚ್ಚಿದ್ದ ಕೆಂಚ ಎಂಬ ಕೋತಿಮರಿ, ಆಮೆ ಎಸೆಯಲು ನಿಂತಾಗ ಎರಡು ಸಲವೂ ಚೆಂಡು ಬರುವ ಮೊದಲೇ ಬ್ಯಾಟು ಬೀಸಿ, ಗಿರಗಿರ ತಿರುಗಿ ಬಿತ್ತು. ಮೂರು ಸಲ ತಪ್ಪಿದರೆ ಔಟು; ಕೊನೆಯ ಸರದಿ ಕೆಂಚನದೇ ಆದ್ದರಿಂದ ಇನ್ನೊಮ್ಮೆ ತಪ್ಪಿದರೆ ಮರ ಕೈಬಿಟ್ಟಂತೆಯೇ.

ಆಟ ಕಲಿಸುತ್ತಿದ್ದ ಕೊಕ್ಕರೆ ಹೇಳಿತು: "ಲೇ ಮಂಗ, ಮೀನು ಬರೋ ಮುಂಚೆ ಕೊಕ್ಕು ಹಾಕಿದ್ರೆ ನನಗೆ ಸಿಗೋದು ಬರೀ ಕೆಸರು. ಆಮೆ ಚೆಂಡು ಬಿಟ್ಟ ಮೇಲೆ ಒಮ್ಮೆ ಬೆನ್ನು ಕೆರ್ಕೋ, ಆಮೇಲೆ ಬೀಸು."

ಆಮೆ ಎಸೆಯಿತು. ಕೆಂಚ ಆರಾಮಾಗಿ ಬೆನ್ನು ಕೆರೆದುಕೊಂಡು, ಆಮೇಲೆ ಬೀಸಿತು. ಚೆಂಡು ಕೆರೆ ದಾಟಿತು. ಕೋತಿಗಳೆಲ್ಲ ಲಾಗ ಹಾಕುತ್ತ ಹಲಸಿನ ಮರ ಏರಿದವು.

"ಅಲ್ಲಯ್ಯಾ, ನಿನ್ನ ಆತುರ ಎಲ್ಲಿ ಹೋಯ್ತು?" ಎಂದು ಆಮೆ ಕೇಳಿತು.

"ಬೆನ್ನಲ್ಲಿತ್ತು ಕಣಜ್ಜ," ಎಂದಿತು ಕೆಂಚ, "ಕೆರೆದು ಹಾಕ್ದೆ."