ರಾಹುಕಾಲದ ಉಬ್ಬಸ

“ಗುರುಗಳೇ, ಹೊಗೆಯಿಲ್ಲದ ವ್ಯವಹಾರದಲ್ಲಿಯೂ ಪಾಪ ಇರುತ್ತದೆಯೇ?” ಎಂದು ಚಿದಂಬರ ಕೇಳಿದ.

ಆಶ್ರಮದ ಉಗ್ರಾಣ ನೋಡಿಕೊಳ್ಳುವ ಶಿಷ್ಯ ಅವನು. ಹೋದ ತಿಂಗಳು ಆಶ್ರಮದ ಹಳೆಯ ಜೀಪನ್ನು ಹಟ ಹಿಡಿದು ಮಾರಿಸಿದ್ದ. ಆ ಜೀಪು ಪೇಟೆಗೆ ಹೋಗಿ ಬರುವಷ್ಟರಲ್ಲಿ ದಾರಿಗೆಲ್ಲ ಹೊಗೆ ಹಾಕುತ್ತಿತ್ತು. ಈಗ ಅಕ್ಕಿ, ಬೇಳೆ, ಪೂಜೆಯ ಹೂವು, ಏನೇ ಬೇಕಾದರೂ ಮೊಬೈಲಿನಲ್ಲಿ ಹೇಳಿದರೆ ಬಾಗಿಲಿಗೇ ಬರುತ್ತಿತ್ತು. ಅಂದು ಶುಕ್ರವಾರ, ಬೆಳಗಿನ ಹನ್ನೊಂದು ಗಂಟೆ. ರಾಹುಕಾಲ ಕಳೆದು ಹನ್ನೆರಡಕ್ಕೆ ಹೂವು ಬರುತ್ತದೆಂದು ಅವನು ಪೂಜೆಯವರಿಗೆ ಆಗಲೇ ತಿಳಿಸಿ ಬಂದಿದ್ದ. ಪ್ರಶ್ನೆಯಲ್ಲಿ ಸಂದೇಹಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು. ಗುರುಗಳಿಗೆ ಅದು ತಿಳಿಯದೆ ಹೋಗಲಿಲ್ಲ. ಕೂತುಕೋ ಎಂದರು, ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹೂವಿನ ವ್ಯಾಪಾರಿ ಇದ್ದ. ಪೇಟೆಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಬೆಳಗಾದರೆ ಒಂದು ಟೆಂಪೋ ಊರಿಗೆಲ್ಲ ಬೇಕಾದ ಹೂವು ತುಂಬಿಕೊಂಡು ಬಂದು ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಆ ಟೆಂಪೋ ಬಂದಾಗಲೆಲ್ಲ ಅವನ ಹೆಂಡತಿ ಪರಿಮಳಾಗೆ ಕೆಮ್ಮು. ಆಕೆಗೆ ಮೊದಲಿನಿಂದಲೂ ಉಬ್ಬಸ. ಹೊಗೆ ತಾಗಿದರೆ ಸಾಕು, ಉಸಿರು ಸಿಕ್ಕದೆ ಗೋಡೆ ಹಿಡಿದು ನಿಂತುಬಿಡುತ್ತಿದ್ದಳು. ವ್ಯಾಪಾರಿಗೆ ಹೆಂಡತಿಯೆಂದರೆ ಪ್ರಾಣ. ಇದನ್ನು ಮರೆಯಬೇಡ ಚಿದಂಬರ, ಅವನು ಕೆಟ್ಟವನಲ್ಲ.

ಒಂದು ದಿನ ಅವನು ಟೆಂಪೋ ಮಾರಿದ. ಅಂಗಡಿಗೂ ಬೀಗ ಹಾಕಿದ. ಊರಾಚೆ ರಸ್ತೆಯ ಪಕ್ಕದಲ್ಲಿ ಸಾಲಾಗಿ ಹೊಂಗೆಮರಗಳಿದ್ದವು. ಆ ನೆರಳು ನೋಡಿಯೇ ಅಲ್ಲೊಂದು ಮನೆ ಕಟ್ಟಿಸಿ ಹೆಂಡತಿಯನ್ನು ಕರೆದುಕೊಂಡು ಹೋದ. ವ್ಯಾಪಾರವನ್ನು ಪೂರಾ ಮೊಬೈಲಿಗೆ ಹಾಕಿದ. ಜನ ಮನೆಯಲ್ಲೇ ಕೂತು ಬೆರಳಲ್ಲಿ ಒತ್ತಿದರೆ ಹೂವು ಬಾಗಿಲಿಗೆ ಬರಬೇಕು. ಅದಕ್ಕೆ ಹೆಂಡತಿಯ ಹೆಸರನ್ನೇ ಇಟ್ಟ. ಪರಿಮಳ ಹೂವು, ಹೊಗೆಯಿಲ್ಲದ ವ್ಯಾಪಾರ ಎಂದು ಊರಿಗೆಲ್ಲ ಬರೆಸಿದ. ನನ್ನದು ಅಂತ ಒಂದು ಗಾಡಿಯೂ ಇಲ್ಲ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಅದು ಸುಳ್ಳಲ್ಲ. ಗಾಡಿಗಳೆಲ್ಲ ಬಾಡಿಗೆಯವು. ಓಡಿಸುವವರ ಮುಖವನ್ನು ಅವನು ನೋಡಿರಲಿಲ್ಲ, ಅವನ ಮುಖವನ್ನು ಅವರೂ ನೋಡಿರಲಿಲ್ಲ. ಏನಿದ್ದರೂ ಫೋನೇ ಹೇಳುತ್ತಿತ್ತು.

ಆ ಊರಿನವರಿಗೆ ರಾಹುಕಾಲವೆಂದರೆ ಬಹಳ ಭಯ. ಆ ಒಂದೂವರೆ ಗಂಟೆಯಲ್ಲಿ ದೇವರ ಹೂವು ಹೊಸ್ತಿಲು ದಾಟಬಾರದು ಎನ್ನುವವರು. ವ್ಯಾಪಾರಿ ಇದನ್ನು ಬಲ್ಲವನು. ರಾಹುಕಾಲ ಶುರುವಾದ ಕೂಡಲೇ ಗಾಡಿಗಳು ಊರ ಹೊರಗೆ ನಿಲ್ಲಬೇಕು, ಮುಗಿದ ಮೇಲೆ ಹೊರಡಬೇಕು ಎಂದು ಫೋನಿನಲ್ಲಿ ಒಂದು ಕಟ್ಟಳೆ ಮಾಡಿಟ್ಟ. ಜನ ಹುಚ್ಚೆದ್ದು ಮೆಚ್ಚಿಕೊಂಡರು. ಮೊದಲು ಇಡೀ ಊರಿಗೆ ಒಂದು ಟೆಂಪೋ ಸಾಕಾಗಿತ್ತು. ಈಗ ಈ ಬೀದಿಗೆ ಎಂಟಕ್ಕೆ ಬೇಕು, ಆ ಬೀದಿಗೆ ಹತ್ತಕ್ಕೆ ಬೇಕು. ಒಬ್ಬರಿಗೆ ಎರಡು ಮೊಳ ಮಲ್ಲಿಗೆ ಕೊಡಲು ಒಂದು ಗಾಡಿ ಊರು ಸುತ್ತಿ ಬರುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಗಾಡಿಗಳು ನಲವತ್ತಾದವು. ಅವನ ಕಣ್ಣಿಗೆ ಅವು ಫೋನಿನ ಮೇಲೆ ಹರಿದಾಡುವ ನಲವತ್ತು ಹಸಿರು ಚುಕ್ಕೆಗಳು, ಅಷ್ಟೆ.

ಇತ್ತ ಹೊಸ ಮನೆಯಲ್ಲಿ ಪರಿಮಳಾಗೆ ಉಬ್ಬಸ ಇಳಿಯಲಿಲ್ಲ, ಏರಿತು. ಅದೂ ಎಂಥ ಉಬ್ಬಸ! ಸೋಮವಾರ ಬೆಳಗ್ಗೆ ಏಳೂವರೆಗೆ ಶುರುವಾದರೆ ಮಂಗಳವಾರ ಮಧ್ಯಾಹ್ನ ಮೂರಕ್ಕೆ. ಬುಧವಾರ ಹನ್ನೆರಡಕ್ಕೆ. ಒಂದೂವರೆ ಗಂಟೆ ಹಿಂಡಿ ಹಿಪ್ಪೆ ಮಾಡಿ ಬಿಡುತ್ತಿತ್ತು. ವೈದ್ಯರು ಬರುವ ಹೊತ್ತಿಗೆ ಗಾಳಿ ತಿಳಿಯಾಗಿರುತ್ತಿತ್ತು, ಅವರಿಗೆ ಏನೂ ತೋಚುತ್ತಿರಲಿಲ್ಲ. ಗೋಡೆಯಾಚೆ ಗಾಡಿಗಳ ಸದ್ದು, ಕಮಟು ವಾಸನೆ ಎಂದು ಆಕೆ ಹೇಳುತ್ತಲೇ ಇದ್ದಳು. ರಸ್ತೆ ಅಂದಮೇಲೆ ಗಾಡಿಗಳು ಓಡಾಡದೆ ಇರುತ್ತವೆಯೇ ಎಂದು ಅವನು ಸಮಾಧಾನ ಮಾಡಿದ. ರಸ್ತೆಯ ಕಡೆಯ ಗೋಡೆಯನ್ನು ಎರಡು ಅಡಿ ಎತ್ತರಿಸಿದ. ಆಮೇಲೆ ಪೇಟೆಯಲ್ಲಿದ್ದ ತನ್ನ ಕಚೇರಿಗೆ ಹೋದ. ಹಗಲೆಲ್ಲ ಅವನು ಅಲ್ಲೇ ಇರುತ್ತಿದ್ದದ್ದು.

ಜೋಯಿಸರಿಗೆ ಉಬ್ಬಸದ ಹೊತ್ತು ಬರೆದು ತೋರಿಸಿದಾಗ ಅವರ ಮುಖ ಬಿಳಿಚಿಕೊಂಡಿತು. ಒಂದು ದಿನವೂ ತಪ್ಪದೆ ಎಲ್ಲವೂ ರಾಹುಕಾಲ! ರಾಹುವೇ ಈಕೆಯ ಕೊರಳು ಹಿಡಿದಿದ್ದಾನೆ ಎಂದರು. ಮಂಗಳವಾರ ರಾಹುಕಾಲದಲ್ಲಿ ದುರ್ಗೆಗೆ ನಿಂಬೆಹಣ್ಣಿನ ದೀಪ ಹಚ್ಚಬೇಕು, ಗಂಡನೇ ಕೂತು ಹಚ್ಚಬೇಕು ಎಂದು ಹೇಳಿ ಕಳಿಸಿದರು. ವ್ಯಾಪಾರಿ ಪೂಜೆಗೆ ಕೆಂಪು ದಾಸವಾಳದ ಹಾರ ಬೇಕೆಂದು ತನ್ನ ಫೋನಿನಲ್ಲೇ ಒತ್ತಿದ.

ಮಂಗಳವಾರ ಬಂತು. ಹೊಸ ಮನೆಗೆ ಬಂದು ಎರಡು ವರ್ಷವಾದ ಮೇಲೆ ಮೊದಲ ಸಲ ಅವನು ಮಧ್ಯಾಹ್ನ ಮೂರು ಗಂಟೆಗೆ ಮನೆಯಲ್ಲಿದ್ದ. ನಿಂಬೆಹೋಳಿಗೆ ಎಣ್ಣೆ ಹಾಕಿ ಬತ್ತಿ ಇಟ್ಟಿದ್ದ. ಹಾರ ಇನ್ನೂ ಬಂದಿರಲಿಲ್ಲ. ಮೂರು ಹೊಡೆಯಿತು. ಹತ್ತು ನಿಮಿಷವಾಗಿರಲಿಲ್ಲ, ಪರಿಮಳಾ ಎದೆ ಹಿಡಿದುಕೊಂಡಳು. ತುಟಿ ನೀಲಿಗಟ್ಟಿತು. ಇಷ್ಟು ಜೋರಾಗಿ ಹಿಂದೆ ಎಂದೂ ಬಂದಿರಲಿಲ್ಲ. ದೀಪ ಅಲ್ಲೇ ಬಿಟ್ಟು ಆಕೆಯನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿ ಮಲಗಿಸಿದ. ಗೇಟು ತೆಗೆಯಲು ಓಡಿದ.

ಗೇಟು ತೆಗೆದವನು ಹಾಗೇ ನಿಂತುಬಿಟ್ಟ. ಹೊರಗೆ ರಸ್ತೆಯೇ ಕಾಣಲಿಲ್ಲ. ಹೊಂಗೆಮರದ ನೆರಳಿನಲ್ಲಿ ಗೋಡೆಗೆ ಒತ್ತಿಕೊಂಡು ಗಾಡಿಗಳ ಸಾಲು, ಒಂದರ ಹಿಂದೆ ಒಂದು, ಕಣ್ಣು ಹರಿಯುವವರೆಗೆ. ಎಲ್ಲದರ ಎಂಜಿನ್ನೂ ಗುರುಗುಡುತ್ತಿತ್ತು. ಕಪ್ಪು ಹೊಗೆ ಗೋಡೆ ಹತ್ತಿ ಮನೆಯ ಕಡೆಗೆ ಬಾಗುತ್ತಿತ್ತು. ಅವನ ರಕ್ತ ಕುದಿಯಿತು. ಗೇಟಿಗೆ ಅಡ್ಡ ನಿಂತಿದ್ದ ಗಾಡಿಯ ಡ್ರೈವರನ್ನು ಬಾಯಿಗೆ ಬಂದಂತೆ ಬಯ್ದ. ಒಳಗೆ ಒಂದು ಜೀವ ಹೋಗುತ್ತಿದೆ, ಎಂಜಿನ್ ಆರಿಸಿ, ದಾರಿ ಬಿಡಿ ಎಂದು ಕೂಗಿದ.

ಡ್ರೈವರು ಕೈಮುಗಿದ. “ಗಾಡಿ ಹಿಂದೆ ತೆಗೀತೀನಿ ಸ್ವಾಮಿ. ಎಂಜಿನ್ ಮಾತ್ರ ಆರಿಸೋ ಹಾಗಿಲ್ಲ. ತಂಪು ನಿಂತರೆ ಹೂವು ಬಾಡಿಬಿಡುತ್ತೆ. ರಾಹುಕಾಲ ಮುಗಿಯೋವರೆಗೂ ಊರ ಹೊರಗೇ ನಿಂತಿರಬೇಕು ಅಂತ ಮಾಲೀಕರ ಅಪ್ಪಣೆ. ಎರಡು ವರ್ಷದಿಂದ ಇದೇ ನೆರಳು ನಮಗೆ.”

“ಯಾರಯ್ಯ ನಿನ್ನ ಮಾಲೀಕ?”

“ನೋಡಿಲ್ಲ ಸ್ವಾಮಿ” ಎಂದು ಡ್ರೈವರು ಗಾಡಿಯ ಮೈ ತೋರಿಸಿದ.

ಅಲ್ಲಿ ಹೆಂಡತಿಯ ಹೆಸರಿತ್ತು. ಮುಂದಿನ ಗಾಡಿಯ ಮೇಲೆಯೂ ಇತ್ತು. ಅದರ ಮುಂದಿನದರ ಮೇಲೆಯೂ ಇತ್ತು. ವ್ಯಾಪಾರಿ ಗೇಟು ಹಿಡಿದುಕೊಂಡ. ಡ್ರೈವರು ಗಾಡಿ ಹಿಂದಕ್ಕೆ ತೆಗೆಯುತ್ತ, ಈ ಮನೆಗೂ ಒಂದು ದಾಸವಾಳದ ಹಾರ ಇದೆ ಸ್ವಾಮಿ, ನಾಲ್ಕೂವರೆ ಆಗಲಿ, ಕೊಟ್ಟೇ ಹೋಗುತ್ತೇನೆ ಎಂದ.

ಆಸ್ಪತ್ರೆ ಮುಟ್ಟಿದಾಗ ಪರಿಮಳಾಗೆ ಉಸಿರು ಇತ್ತು. ಉಳಿದಳು. ಆದರೆ ಆ ಎದೆ ಇನ್ನು ಅರ್ಧ ಮಾತ್ರ ಎಂದರು ವೈದ್ಯರು. ನಾಲ್ಕು ಹೆಜ್ಜೆ ನಡೆದರೆ ಕೂರಬೇಕು, ಬದುಕಿರುವಷ್ಟು ದಿನವೂ ಮೂಗಿಗೆ ಕೊಳವೆ ಬೇಕು. ಮೂರನೆಯ ದಿನ ಆಕೆ ಗಂಡನ ಕೈ ಹಿಡಿದು, ಅವು ಯಾರ ಗಾಡಿಗಳು ರೀ ಎಂದು ಕೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಆ ಹೆಂಗಸಿನ ನೀಲಿ ತುಟಿ ಚಿದಂಬರನ ಕಣ್ಣಿಗೆ ಕಟ್ಟಿತ್ತು. ಸ್ವಲ್ಪ ಹೊತ್ತಿಗೆ ಅವನಿಗೆ ಆ ವ್ಯಾಪಾರಿಯ ಮೇಲೆ ತಡೆಯಲಾರದ ಸಿಟ್ಟು ಬಂತು.

“ಎಂಥ ಮನುಷ್ಯ ಗುರುಗಳೇ! ಎರಡು ವರ್ಷದಲ್ಲಿ ಒಂದು ಸಲವಾದರೂ ತನ್ನ ಗಾಡಿ ಎಲ್ಲಿ ನಿಂತಿದೆ ಎಂದು ನೋಡಬಾರದಿತ್ತೇ?”

ಗುರುಗಳು ಗೋಡೆಯ ಗಡಿಯಾರ ನೋಡಿದರು. ಹನ್ನೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.

“ನೀನು ಹೇಳಿರುವ ಹೂವು ಈಗ ಯಾರ ಮನೆಯ ಮುಂದೆ ನಿಂತಿದೆ, ಚಿದಂಬರ?”