ಊರೆಲ್ಲ ತಲೆಯಾಡಿಸಿತು

ಡಂಗುರ ಸಾರಿದರು: "ಅರಸರ ಮೂರು ಒಗಟು ಬಿಡಿಸಿದವನು ಸೆರೆಮನೆಯಿಂದ ಒಬ್ಬನನ್ನು ಬಿಡಿಸಿಕೊಂಡು ಹೋಗಬಹುದು. ತಪ್ಪಿದರೆ ತಲೆ ಹೋಗುತ್ತದೆ."

ಬಲ್ಗೇರಿಯದಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯ ಬೆಲಿಬ್ರೆಗ್ ಊರು ಅದು. ನದಿ ದಾಟಿ ಬಂದವರೆಲ್ಲ ಅದನ್ನು ಗೆದ್ದವರೇ. ಈ ಪರದೇಶಿ ಅರಸ ಹೊಸಬ. ಅವನ ದೋಣಿ ಮುಳುಗಿಸಿದ್ದಕ್ಕೆ ದಮ್ಯಾನ್ ಎಂಬವನಿಗೆ ಗಲ್ಲುಶಿಕ್ಷೆಯಾಗಿತ್ತು. ಅವನ ತಮ್ಮ ಯೊವ್ಚೊ ದೋಣಿಗಳಿಗೆ ಡಾಂಬರು ಬಳಿಯುವವನು. ಅಣ್ಣನ ಹೊರತು ಅವನಿಗೆ ಯಾರೂ ಇರಲಿಲ್ಲ.

ಅರಸ ಬಾಗಿಲು ಮುಚ್ಚಿಸಿ ಒಗಟು ಕೇಳುತ್ತಿದ್ದ. ಮೊದಲು ಮಗನಿಗಾಗಿ ದವಸದ ವ್ಯಾಪಾರಿ ನಾಯ್ಡೆನ್ ಹೋದ, ಆಮೇಲೆ ಅಳಿಯನಿಗಾಗಿ ಪಾದ್ರಿ ಸಿಮೆಯೊನ್. ಇಬ್ಬರ ತಲೆಯೂ ಕೋಟೆಬಾಗಿಲ ಮೇಲೇರಿತು. ಘಟಾನುಘಟಿಗಳಿಗೇ ಆಗದ್ದು ಡಾಂಬರಿನವನಿಗೆ ಆದೀತೇ ಎಂದು ಊರು ಆಡಿಕೊಂಡಿತು. ಆದರೂ ಯೊವ್ಚೊ ಹೋದ.

"ಮೇಸ್ತ್ರಿಯಿಲ್ಲದೆ ಕಟ್ಟಿದ ಸೇತುವೆ, ಬಿಸಿಲಿಗೆ ಮಾಯ. ಯಾವುದು?" ಎಂದ ಅರಸ.

ಚಳಿಗಾಲದಲ್ಲಿ ನದಿಯ ಮೇಲೆ ಕಟ್ಟುವ ಮಂಜುಗಡ್ಡೆ ಎಂದ ಯೊವ್ಚೊ. ಅರಸನ ದಂಡು ಅದರ ಮೇಲೆಯೇ ನಡೆದು ಬಂದಿದ್ದನ್ನು ನೆನಪಿಸಲಿಲ್ಲ.

"ಗಂಡ ಬದಲಾದಾಗೆಲ್ಲ ಹೆಸರು ಬದಲಾಯಿತು, ಮನೆ ಬದಲಾಗಲಿಲ್ಲ. ಯಾರವಳು?"

ನಮ್ಮೂರೇ ಎಂದ. ಗೆದ್ದವರಿಗೆ ಹೆಸರಿಡುವ ಚಟ ಇದ್ದದ್ದೇ.

ಅರಸ ಮುಖ ಗಂಟಿಕ್ಕಿದ. "ನನ್ನ ದಂಡಿಗೆ ಗಂಡಸರನ್ನು ಕಳಿಸುತ್ತೀರಾ ಎಂದರೆ ಊರೆಲ್ಲ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಒಬ್ಬನೂ ಬರುವುದಿಲ್ಲ. ಯಾಕೆ? ವ್ಯಾಪಾರಿ ಮರೆವು ಅಂದ, ಪಾದ್ರಿ ಸೋಮಾರಿತನ ಅಂದ."

ಯೊವ್ಚೊನಿಗೆ ಆಗ ಹೊಳೆಯಿತು. ಇದರ ಉತ್ತರ ಊರಿನ ಹಸುಗೂಸಿಗೂ ಗೊತ್ತು. ಅವರಿಬ್ಬರೂ ಬೇಕೆಂದೇ ತಪ್ಪು ಹೇಳಿ ಸತ್ತಿದ್ದರು, ಊರಿನ ಗಂಡುಮಕ್ಕಳನ್ನು ಉಳಿಸಲು. ಇವನಿಗೆ ಅಣ್ಣ ಬೇಕಿತ್ತು. ಬೈಯುವುದು ನಮಗೆ ಸುಲಭ.

"ನಮ್ಮಲ್ಲಿ ಮೇಲೆ ಕೆಳಗೆ ಆಡಿಸಿದರೆ ಇಲ್ಲ ಅಂತ, ಒಡೆಯಾ," ಎಂದ. "ಅಡ್ಡಡ್ಡ ಆಡಿಸಿದರೆ ಹೌದು ಅಂತ. ಅವರು ಒಂದು ದಿನವೂ ನಿಮಗೆ ಒಪ್ಪಿಲ್ಲ."

ಅರಸ ಮಾತಿಗೆ ತಪ್ಪಲಿಲ್ಲ. ದಮ್ಯಾನನ ಬೇಡಿ ಕಳಚಿಸಿದ, ಯೊವ್ಚೊನಿಗೆ ಜರಿಯ ಅಂಗಿ ತೊಡಿಸಿದ. ಸಂಜೆಯೊಳಗೆ ದಂಡಿನವರು ಮನೆಮನೆಗೆ ನುಗ್ಗಿ ಗಂಡಸರನ್ನು ಹಗ್ಗ ಕಟ್ಟಿ ಎಳೆದೊಯ್ದರು. ಹೆಂಗಸರ ಗೋಳು ಕೋಟೆಯವರೆಗೂ ಕೇಳುತ್ತಿತ್ತು.

ಅದೇನೆಂದು ಸೆರೆಮನೆಯ ಬಾಗಿಲಾಚೆ ಬಂದ ದಮ್ಯಾನ್ ಕೇಳಿದ. ಯೊವ್ಚೊ ಎಲ್ಲವನ್ನೂ ಹೇಳಿದ. ಹೇಳಿ, "ಬಾ ಅಣ್ಣ, ಮನೆಗೆ ಹೋಗೋಣ," ಎಂದು ಕೈ ಹಿಡಿದ.

ದಮ್ಯಾನ್ ಕೈ ಬಿಡಿಸಿಕೊಂಡು, ನಿಧಾನವಾಗಿ ತಲೆಯನ್ನು ಮೇಲೆ ಕೆಳಗೆ ಆಡಿಸಿದ. ಅದರ ಅರ್ಥ ಈಗ ಪಹರೆಯವನಿಗೂ ಗೊತ್ತಿತ್ತು. ಅವನು ನಕ್ಕು ಸೆರೆಮನೆಯ ಬಾಗಿಲನ್ನು ಮತ್ತೆ ತೆರೆದ.