ಹಾಲಿನಲ್ಲಿ ಕಂಡ ಹುಳು

“ಗುರುಗಳೇ, ಒಬ್ಬನ ಮೇಲೆ ಇಲ್ಲದ ದೋಷ ಹೊರಿಸಿದ್ದೆ. ತಪ್ಪು ತಿಳಿದ ಮೇಲೆ ತಿದ್ದಿಕೊಂಡೆ. ಈಗ ನಾಲ್ಕು ಜನರೆದುರು ಅವನನ್ನು ಹೊಗಳುತ್ತೇನೆ. ಆದರೂ ಈ ನಾಚಿಕೆ ಏಕೆ ಹೋಗುತ್ತಿಲ್ಲ?” ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಹಳೆಯ ವಸ್ತುಗಳೆಂದರೆ ಅವನಿಗೆ ಪ್ರಾಣ. ಎಲ್ಲಿಂದಲೋ ಹಿತ್ತಾಳೆಯ ಸೂಕ್ಷ್ಮದರ್ಶಕವೊಂದನ್ನು ತಂದಿದ್ದ. ಅದಕ್ಕೊಂದು ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಪುಟ್ಟ ಚಿಮಟ, ಗಾಜಿನ ಪಟ್ಟಿಗಳು, ಕಣ್ಣಿಟ್ಟು ನೋಡುವ ಮಸೂರದ ಕೊಳವೆಗಳು. ಮನೆಗೆ ಬಂದವರಿಗೆ ನೀರು ಕೊಡುವುದನ್ನು ಮರೆತರೂ ಚಿಗಟದ ಕಾಲು ತೋರಿಸುವುದನ್ನು ಅವನು ಮರೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೆಂಟರು ಕೂತಿದ್ದರು. ಅದುವರೆಗೆ ಮುಟ್ಟದಿದ್ದ, ಎಲ್ಲಕ್ಕಿಂತ ದೊಡ್ಡದಾಗಿ ತೋರಿಸುವ ಕೊಳವೆಯನ್ನು ವರ್ತಕ ಅಂದು ಹೊರತೆಗೆದು ಸಿಕ್ಕಿಸಿದ. ಅಷ್ಟರಲ್ಲಿ ಹಾಲಿನ ಹೆಂಗಸು ಬಂದಳು. ಅವಳ ತಂಬಿಗೆಯಿಂದ ಒಂದು ತೊಟ್ಟನ್ನು ಗಾಜಿನ ಮೇಲೆ ಹಾಕಿ ನೋಡಿದ. ಡೊಂಕಾದ ಕರಿಯ ಹುಳು ಕಂಡಿತು.

“ಏನಮ್ಮ, ಹಾಲಿನ ಜೊತೆ ಹುಳುವನ್ನೂ ಮಾರುತ್ತೀಯಾ?” ಎಂದ. ನೆಂಟರು ನಕ್ಕರು.

“ನನ್ನ ಹಸು ಹುಲ್ಲು ತಿನ್ನುತ್ತೆ ಸ್ವಾಮಿ, ಹುಳ ತಿನ್ನಲ್ಲ,” ಎಂದಳು ಅವಳು.

“ಹಾಗಾದರೆ ನೀನೇ ನೋಡು.”

ಅವಳು ಬಗ್ಗಿ ನೋಡಿದಳು. ಹುಳು ಇತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಟುಹೋದಳು.

ಊರ ಬಾಯಿಗೆ ಬೀಗ ಹಾಕುವವರು ಯಾರು? ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಅವಳ ಹಾಲನ್ನು ಯಾರೂ ಕೊಳ್ಳಲಿಲ್ಲ. ಇದ್ದ ಒಂದೇ ಹಸುವಿನಿಂದ ಸಂಸಾರ ನಡೆಸುತ್ತಿದ್ದವಳು ಹಾಲನ್ನು ಚರಂಡಿಗೆ ಚೆಲ್ಲಿದಳು. ತಂಬಿಗೆಯನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ಕೈ ಸವೆಸಿಕೊಂಡಳು.

ಕೆಲವು ದಿನಗಳಾದ ಮೇಲೆ ವರ್ತಕನು ಗಾಜಿನ ಪಟ್ಟಿಯೊಂದನ್ನು ತೊಳೆದ. ಸರಿಯಾಗಿ ತೊಳೆದೆನೋ ಇಲ್ಲವೋ ಎಂದು ಬರಿಯ ಗಾಜನ್ನೇ ಇಟ್ಟು ನೋಡಿದ. ಅದೇ ಹುಳು! ಕಣ್ಣಿನ ಕೊಳವೆಯನ್ನು ತಿರುಗಿಸಿದ. ಹುಳುವೂ ಜೊತೆಗೇ ತಿರುಗಿತು. ಕೊಳವೆ ಬಿಚ್ಚಿದರೆ, ಒಳಗಿನ ಮಸೂರಕ್ಕೆ ಯಾವ ಕಾಲದ್ದೋ ಒಂದು ಕೂದಲೆಳೆ ಅಂಟಿತ್ತು.

ವರ್ತಕ ನಾಚಿಕೆಯಿಂದ ಸತ್ತೇಹೋದ. ಆದರೆ ಸತ್ತರೂ ಮರ್ಯಾದೆ ಬಿಡಬಾರದಲ್ಲ! “ಕಸ ನನ್ನ ಗಾಜಿನಲ್ಲೇ ಇತ್ತು” ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಕೂದಲನ್ನು ಒರೆಸಿ ತೆಗೆದ. ಹೆಂಗಸನ್ನು ಕರೆಸಿ, ಬೀದಿಯವರೆದುರು ಅವಳ ಹಾಲನ್ನು ಮತ್ತೆ ನೋಡಿದ. “ಈಗ ಹಾಲು ಶುದ್ಧವಾಗಿದೆ, ಎಲ್ಲರೂ ಕೊಳ್ಳಿ” ಎಂದ.

ಅವಳ ವ್ಯಾಪಾರ ಮತ್ತೆ ಕುದುರಿತು. ಜನರು ವರ್ತಕನನ್ನು ದೊಡ್ಡ ಮನುಷ್ಯ ಎಂದರು. ಅಂದಿನಿಂದ ಅವಳು ದಿನವೂ ಮೊದಲ ಹಾಲನ್ನು ಅವನ ಮನೆಗೇ ತರುತ್ತಾಳೆ. ಹೊಸ್ತಿಲ ಹೊರಗೆ ನಿಂತು, ಸೋಸಿದ ಹಾಲನ್ನೇ ಮತ್ತೆ ಸೋಸಿ, ತಲೆ ತಗ್ಗಿಸಿಕೊಂಡು, “ಒಂದ್ಸಲ ನೋಡ್ಬಿಡಿ ಸ್ವಾಮಿ” ಎನ್ನುತ್ತಾಳೆ. ಆ ಹಾಲು ವರ್ತಕನ ಗಂಟಲಲ್ಲಿ ಇಳಿಯುವುದಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಆದರೂ ಅವನು ತಿದ್ದಿಕೊಂಡನಲ್ಲ, ಗುರುಗಳೇ?” ಎಂದನು ಶಿಷ್ಯ.

“ಅವನು ಗಾಜಿನಿಂದ ಒರೆಸಿದ ಹುಳು ಇನ್ನೂ ಅವಳ ಹಾಲಿನಲ್ಲೇ ಇದೆಯಲ್ಲಪ್ಪಾ” ಎಂದರು ಗುರುಗಳು.